ರಟ್ಟು ಇದ್ದರೆ ಸಾಲದು, ಮಗ್ಗವೂ ಬೇಕು

ನಮ್ಮೂರು ವೈ.ಎನ್.ಹೊಸಕೋಟೆ. ಪಾವಗಡ ತಾಲ್ಲೂಕು, ಆಂಧ್ರದ ಗಡಿ, ರೇಷ್ಮೆ ಸೀರೆ ನೇಯುವ ಊರು. ತಾತ ತಮ್ಮ ಮಗ್ಗದ ನೆನಪುಗಳನ್ನು ಎರಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. 2018ರಲ್ಲಿ ಅದನ್ನೆಲ್ಲ ಲೇಟೆಕ್‌ನಲ್ಲಿ ಟೈಪ್ ಮಾಡಿದ್ದೆ. ತಾತ ಹೋದರು. ವರ್ಷದ ತಿಥಿಗೆ ಹತ್ತು ಪ್ರತಿ ಮಾಡಿಸೋಣ ಅಂತ ಅದೇ ಫೈಲನ್ನು ಹೊಸ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ, ಪಿಡಿಎಫ್ ತುಂಬಾ ಖಾಲಿ ಚೌಕಗಳು! ನಾನು ಒಂದಕ್ಷರವನ್ನೂ ಮುಟ್ಟಿರಲಿಲ್ಲ. ಬದಲಾಗಿದ್ದು ಸುತ್ತಲಿನ ಸಾಮಾನು: ಫಾಂಟ್, ಪ್ಯಾಕೇಜ್, ಆವೃತ್ತಿ.

ಲೇಟೆಕ್ ಹುಟ್ಟಿದ್ದೂ ಇಂಥದೇ ಒಂದು ಬೇಜಾರಿನಿಂದ. 1977ರಲ್ಲಿ ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕ್ನೂತ್ ಅವರಿಗೆ ತಮ್ಮ ಪುಸ್ತಕದ ಎರಡನೇ ಆವೃತ್ತಿಯ ಕರಡಚ್ಚು ಬಂತು. ಮೊದಲನೆಯದು ಸೀಸದ ಅಚ್ಚುಮೊಳೆಯದು, ಇದು ಫೋಟೊ ಟೈಪ್‌ಸೆಟ್ಟಿಂಗ್. ಅಕ್ಷರಗಳು ನೋಡೋಕಾಗಲಿಲ್ಲ. ತಾವೇ ಟೆಕ್ ಬರೆಯಲು ಕೂತರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಕಟ್ಟಿದರು. 1990ರಲ್ಲಿ ಕ್ನೂತ್, ಇನ್ನು ಟೆಕ್‌ಗೆ ಹೊಸದೇನೂ ಸೇರಿಸಲ್ಲ, ತಪ್ಪು ಮಾತ್ರ ತಿದ್ದುತ್ತೇನೆ ಅಂತ ಘೋಷಿಸಿದರು. ಅದಕ್ಕೇ ಅದರ ಆವೃತ್ತಿ ಸಂಖ್ಯೆ 3.14, 3.141 ಅಂತ ಪೈ ಕಡೆಗೆ ತೆವಳುತ್ತಿದೆ.

ಕನ್ನಡಕ್ಕೆ ಮಾತ್ರ ಆ ಸ್ಥಿರತೆ ಪೂರ್ತಿ ದಕ್ಕಲಿಲ್ಲ. ಮೊದಮೊದಲು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕನ್ನಡಕ್ಕೆ ತಿರುಗಿಸಿಕೊಳ್ಳಬೇಕಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರ ಕ್ಸೀಟೆಕ್ ಯೂನಿಕೋಡ್‌ಗೆ ದಾರಿ ತೆರೆಯಿತು. ಆದರೆ ಒತ್ತಕ್ಷರ ಕೂರಿಸುವ ಕೆಲಸ ಟೆಕ್‌ನ ಹೊರಗಿರುವ ಫಾಂಟ್ ಮತ್ತು ಲೈಬ್ರರಿಗಳ ಪಾಲಾಯಿತು. ಒಳಗಿನದು ಗಟ್ಟಿ, ಹೊರಗಿನದು ಬದಲಾಗುತ್ತಲೇ ಇರುತ್ತೆ.

ಉತ್ತರ ತಾತನ ನೋಟ್‌ಬುಕ್ಕಿನಲ್ಲೇ ಇತ್ತು. ಜಕಾರ್ಡ್ ಮಗ್ಗದಲ್ಲಿ ಚಿತ್ತಾರವೆಲ್ಲ ತೂತು ಹೊಡೆದ ರಟ್ಟುಗಳಲ್ಲಿರುತ್ತೆ. ಆ ರಟ್ಟನ್ನು ಬೇರೆ ಅಳತೆಯ ಜಕಾರ್ಡಿಗೆ ಹಾಕಿದರೆ ಬುಟ್ಟಾ ಕೆಡುತ್ತೆ. ಅಂದ್ರೆ, ನಾನು ರಟ್ಟು ಕಾಪಾಡಿದ್ದೆ, ಮಗ್ಗ ಕಾಪಾಡಿರಲಿಲ್ಲ.

ಮಗ್ಗವನ್ನೂ ಕಟ್ಟಿಡುವ ವಿದ್ಯೆಯೇ ಕಂಟೇನರ್. 1979ರ ಯುನಿಕ್ಸ್‌ನಲ್ಲೇ ಒಂದು ಪ್ರೋಗ್ರಾಮ್‌ಗೆ ಒಂದು ಫೋಲ್ಡರನ್ನೇ ಇಡೀ ಜಗತ್ತು ಅಂತ ತೋರಿಸುವ ಉಪಾಯವಿತ್ತು. 2013ರಲ್ಲಿ ಬಂದ ಡಾಕರ್ ಈ ಬಗೆಯ ಉಪಾಯಗಳನ್ನು ನಮ್ಮಂಥವರ ಕೈಗೆ ಕೊಟ್ಟಿತು. ನಾನು 2018ರ ಟೆಕ್ ಲೈವ್ ಇರುವ ಇಮೇಜ್ ಇಳಿಸಿಕೊಂಡು, ಕನ್ನಡ ಫಾಂಟನ್ನು ಅದರೊಳಗೇ ಹಾಕಿದೆ. ಫೈಲುಗಳ ಫೋಲ್ಡರನ್ನು ಅದಕ್ಕೆ ಜೋಡಿಸಿ, ಒಳಗೆ ಲೇಟೆಕ್‌ಎಂಕೆಯನ್ನು ಕಾವಲಿಗೆ ಕೂರಿಸಿದೆ. ಈಗ ಸೇವ್ ಒತ್ತಿದರೆ ಸಾಕು, ಪಿಡಿಎಫ್ ತಾನಾಗಿ ಹೊಸದಾಗುತ್ತೆ. ನೆಟ್ ಬೇಡ, ತಾತನ ಮಾತು ಯಾರದೋ ಸರ್ವರ್‌ಗೆ ಹೋಗೋದೂ ಬೇಡ.

ತಿಥಿಯ ದಿನ ಪುಸ್ತಕದ ಜೊತೆ ಒಂದು ಪೆನ್‌ಡ್ರೈವ್ ಕೊಟ್ಟೆ. ಫೈಲು, ಫಾಂಟು, ಇಮೇಜು ಎಲ್ಲಾ ಅದರಲ್ಲಿದೆ.

"ಇದೂ ಒಂದಿನ ಕೆಡಲ್ವೇನೋ?" ಅಂದರು ಚಿಕ್ಕಪ್ಪ.

"ಕೆಡಬಹುದು ಚಿಕ್ಕಪ್ಪ. ಅದಕ್ಕೇ ಹತ್ತು ಪ್ರತಿ ಕಾಗದದಲ್ಲೂ ಹಾಕಿಸಿದ್ದೀನಿ" ಅಂದೆ.