ಬೀಡು, ಬಿಡಾರ ಮತ್ತು ಬಾಡಿಗೆಯ ಮನೆಗಾಡಿ

ಚಾಳೀಸಗಾಂವ ದಾಟಿ ಘಾಟಿನ ಬುಡಕ್ಕೆ ಬರುತ್ತಿದ್ದಂತೆ ರಸ್ತೆಬದಿಯ ಹಸಿರು ಫಲಕವೊಂದು ಕಂಡಿತು. ದೇವನಾಗರಿಯಲ್ಲಿ 'ಕನ್ನಡ' ಎಂದು ಬರೆದು ಮುಂದೆ ಕಿಲೋಮೀಟರಿನ ಅಂಕಿ ಹಾಕಿದ್ದರು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗ ಅದನ್ನೋದಿ, "ಅಪ್ಪಾ, ಕನ್ನಡ ಇನ್ನೂ ದೂರ ಇದೆ" ಎಂದ. ಅವನ ಕಾಗುಣಿತದ ಬಗ್ಗೆ ನಿತ್ಯ ಗೊಣಗುವವನು ನಾನಾದ್ದರಿಂದ ಆ ಮಾತು ನನಗೇ ತಾಕಿತು. ಹಿಂದೆ ಮಲಗಿದ್ದ ನನ್ನ ತಾಯಿ ಎದ್ದು ಕುಳಿತು ಕಿಟಕಿಯ ಪರದೆ ಸರಿಸಿದರು.

ಕನ್ನಡ ಎಂಬುದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಒಂದು ತಾಲೂಕು ಕೇಂದ್ರ. 2023ರವರೆಗೆ ಆ ಜಿಲ್ಲೆಯ ಹೆಸರು ಔರಂಗಾಬಾದ್. ಮರಾಠಿಯಲ್ಲಿ ಊರಿನ ಹೆಸರನ್ನೂ ನಮ್ಮ ಭಾಷೆಯ ಹೆಸರನ್ನೂ ಒಂದೇ ರೀತಿ ಬರೆಯುತ್ತಾರೆ. ಅಲ್ಲಿಂದ ಎಲ್ಲೋರಾ ಒಂದು ಗಂಟೆಯ ದಾರಿ. ಎಲ್ಲೋರಾದ ಕೈಲಾಸವನ್ನು ಕಡೆಯಿಸಿದ ರಾಷ್ಟ್ರಕೂಟ ಒಂದನೆಯ ಕೃಷ್ಣನಿಗೆ ಕನ್ನರ ಎಂಬ ಹೆಸರಿತ್ತು. ಕನ್ನರನಿಂದಲೇ ಕನ್ನಡವೆಂದು ಹೇಳಿಬಿಡುವ ಆಸೆ ಯಾರಿಗಾದರೂ ಆಗಬೇಕಾದದ್ದೇ. ಆದರೆ ಬರಿಯ ಹೆಸರಿನ ಹೋಲಿಕೆಯಿಂದ ಇತಿಹಾಸ ಕಟ್ಟಬಾರದು. ಕಟ್ಟಲು ಬೇರೆ ಸಾಮಗ್ರಿ ಆ ದಾರಿಯಲ್ಲಿ ಧಾರಾಳವಾಗಿದೆ. ಅದನ್ನು ಹೇಳುವುದಕ್ಕೇ ಈ ಲೇಖನ.

ನಾವು ಕುಳಿತಿದ್ದದ್ದು ಬಾಡಿಗೆಗೆ ತಂದ ಮನೆಗಾಡಿಯಲ್ಲಿ. ಜನ ಅದನ್ನು ಕ್ಯಾರವಾನ್ ಎನ್ನುತ್ತಾರೆ. ಮಡಿಸುವ ಹಾಸಿಗೆ, ಅಂಗೈಯಗಲದ ಅಡುಗೆಕಟ್ಟೆ, ನೀರಿನ ತೊಟ್ಟಿ, ಎಲ್ಲಕ್ಕಿಂತ ಮುಖ್ಯವಾಗಿ ಒಳಗೇ ಒಂದು ಕುರ್ಚಿ ಕಕ್ಕಸು. ಎಪ್ಪತ್ತೆಂಟರ ನನ್ನ ತಾಯಿಗೆ ಮೊಣಕಾಲು ಬಗ್ಗುವುದಿಲ್ಲ. ದಾರಿಯ ಹೋಟೆಲುಗಳ ಶೌಚಾಲಯಕ್ಕೆ ಹೆದರಿ ಅವರು ಹತ್ತು ವರ್ಷದಿಂದ ದೂರದ ಪ್ರಯಾಣವನ್ನೇ ಬಿಟ್ಟಿದ್ದರು. ಕೈಲಾಸ ನೋಡಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ. ಗಾಡಿಯ ಮೂರು ದಿನದ ಬಾಡಿಗೆ ನನ್ನಂಥ ಕೇಂದ್ರ ಸರಕಾರದ ಗುಮಾಸ್ತನಿಗೆ ಹಗುರವೇನಲ್ಲ. 1988ರ ರಜಾ ಪ್ರವಾಸ ರಿಯಾಯಿತಿ ನಿಯಮಗಳಲ್ಲಿ ಬಾಡಿಗೆಯ ಖಾಸಗಿ ವಾಹನಕ್ಕೆ ಚಿಕ್ಕಾಸೂ ಇಲ್ಲ. "ಮನೆಗೂ ಬಾಡಿಗೆ, ಮನೆಗಾಡಿಗೂ ಬಾಡಿಗೆ" ಎಂದು ತಾಯಿ ನಕ್ಕರು. ಹನ್ನೊಂದು ತಿಂಗಳ ಕರಾರಿನ ಕೃಪೆಯಿಂದ ಇಪ್ಪತ್ತೆರಡು ವರ್ಷಗಳಲ್ಲಿ ಒಂಬತ್ತು ಮನೆ ಬದಲಿಸಿದ ಸಂಸಾರ ನಮ್ಮದು. ಸಂಘದ ಸದಸ್ಯರಲ್ಲಿ ಅನೇಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗಾಡಿ ಸಿಕ್ಕಿದ ಮೇಲೆ ತಿಳಿದ ಸಂಗತಿ ಬೇರೆ. ಚಕ್ರದ ಮೇಲೆ ಮನೆ ಕಟ್ಟುವುದು ಸುಲಭ. ರಾತ್ರಿ ಅದನ್ನು ನಿಲ್ಲಿಸಲು ಜಾಗ ದೊರಕುವುದು ಕಷ್ಟ. ನಮ್ಮ ಮಹಾರಾಷ್ಟ್ರ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯೊಂದನ್ನು ಹೊರಡಿಸಿ, ಗಾಡಿಗಳಿಗಷ್ಟೇ ಅಲ್ಲದೆ ಅವು ತಂಗುವ ಉದ್ಯಾನಗಳಿಗೂ ಉತ್ತೇಜನ ಕೊಡುವುದಾಗಿ ಹೇಳಿತು. ನಾವು ಹೋದ ದಾರಿಯಲ್ಲಿ ಅಂಥದೊಂದೂ ಎದುರಾಗಲಿಲ್ಲ. ಮೊದಲ ರಾತ್ರಿ ನಾಸಿಕದ ಹೊರವಲಯದಲ್ಲಿ ಮೂರು ಕಡೆ "ಇಲ್ಲಿ ನಿಲ್ಲಿಸಬೇಡಿ" ಎನಿಸಿಕೊಂಡು, ಕೊನೆಗೆ ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಲಾರಿಗಳ ನಡುವೆ ಮಲಗಿದೆವು.

ವಿಪರ್ಯಾಸ ನೋಡಿ: ನಾವು ಹೀಗೆ ಜಾಗ ಹುಡುಕುತ್ತಿದ್ದ ಹೆದ್ದಾರಿಯ ಪಕ್ಕದ ಗುಡ್ಡದಲ್ಲೇ, ಪ್ರಯಾಣಿಕರ ತಂಗುದಾಣಗಳ ಬಗ್ಗೆ ಈ ದೇಶದ ಅತ್ಯಂತ ಹಳೆಯ ದಾಖಲೆಗಳಲ್ಲೊಂದಿದೆ. ಪಾಂಡವಲೇಣಿ ಎಂದು ಕರೆಯುವ ನಾಸಿಕದ ಗುಹೆಗಳಲ್ಲಿ ಹತ್ತನೆಯದರಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಕಾಲ ಕ್ರಿ.ಶ. ಎರಡನೆಯ ಶತಮಾನದ ಆರಂಭ. ಭರುಕಚ್ಛ, ದಶಪುರ, ಗೋವರ್ಧನ, ಶೂರ್ಪಾರಕಗಳಲ್ಲಿ ನಾಲ್ಕು ತೊಟ್ಟಿಯ ವಸತಿಗೃಹಗಳನ್ನು ಕಟ್ಟಿಸಿದ್ದನ್ನೂ ಬಾವಿ ಕೆರೆಗಳನ್ನು ತೋಡಿಸಿದ್ದನ್ನೂ ಅದು ಹೇಳುತ್ತದೆ. ಇಂದಿನ ಹೆಸರಿನಲ್ಲಿ ಅವು ಭರೂಚ್, ಮಂದಸೋರ್, ನಾಸಿಕದ ಪಕ್ಕದ ಗೋವರ್ಧನ, ಮತ್ತು ಮುಂಬಯಿಯ ಲೋಕಲ್ ರೈಲಿನವರೆಲ್ಲ ಬಲ್ಲ ನಾಲಾಸೋಪಾರಾ. ತಾಪಿ, ಪಾರ್, ದಮಣ, ಡಹಾಣು ಮುಂತಾದ ನದಿಗಳಲ್ಲಿ ಆತ ಪುಕ್ಕಟೆ ದೋಣಿ ಇಡಿಸಿದ್ದ. ಆ ನದಿಗಳ ಎರಡೂ ದಡಗಳಲ್ಲಿ ಸಭಾಮಂಟಪ ಮತ್ತು 'ಪ್ರಪಾ' ಮಾಡಿಸಿದ್ದ. ಪ್ರಪಾ ಎಂದರೆ ನಮ್ಮ ಅರವಟ್ಟಿಗೆ. ದೋಣಿಗೆ ಮೊದಲೇ ಬಂದು ಕಾಯುವವನಿಗೂ ಇಳಿದು ಬಂದವನಿಗೂ ಬಾಯಾರುತ್ತದೆ ಎಂಬುದನ್ನು ಯೋಚಿಸಿ ಎರಡು ದಡಗಳಲ್ಲಿ ಇಡಿಸಿದ್ದಾನೆ. ದಾನಶಾಸನಗಳಲ್ಲಿ ಇಂಥ ಪ್ರಾಯೋಗಿಕ ಬುದ್ಧಿ ಎಲ್ಲೆಡೆ ಕಾಣುವುದಿಲ್ಲ.

ಘಾಟಿನ ನೆತ್ತಿಯ ಸಮೀಪ, ಕನ್ನಡ ತಾಲೂಕಿನ ಪಿತಳಖೋರಾ ಗುಹೆಗಳು ಅದಕ್ಕಿಂತಲೂ ಹಿಂದಿನವು. ಕ್ರಿಸ್ತಪೂರ್ವದಲ್ಲಿ ಕಡೆಯಲು ತೊಡಗಿದವು. ಅಲ್ಲಿನ ಬರಹಗಳಲ್ಲಿ ಪ್ರತಿಷ್ಠಾನದ, ಅಂದರೆ ಪೈಠಣದ, ಗಂಧದ ವ್ಯಾಪಾರಿಯ ಮನೆತನದವನೊಬ್ಬನ ದಾನದ ಉಲ್ಲೇಖವಿದೆ. ಅಲ್ಲೇ ಸಿಕ್ಕಿದ ಯಕ್ಷನ ಮೂರ್ತಿಯೊಂದರ ಕೈಮೇಲೆ, ಇದನ್ನು ಮಾಡಿದವನು ಅಕ್ಕಸಾಲಿಗ ಕಣ್ಹದಾಸ ಎಂದು ಕೊರೆದಿದೆ. ಆ ಯಕ್ಷ ಈಗ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಅವನೂ ನಮ್ಮಂತೆ ವಲಸೆಗಾರ. ಗೋದಾವರಿ ತೀರದಿಂದ ಉತ್ತರಕ್ಕೆ ಹೋಗುವ ಸಾರ್ಥಗಳು ಈ ಬೆಟ್ಟಸಾಲನ್ನು ದಾಟಿಯೇ ಹೋಗಬೇಕಾಗಿತ್ತು. ಭಿಕ್ಷುಗಳ ವಿಹಾರ, ವ್ಯಾಪಾರಿಯ ದಾನ, ಪ್ರಯಾಣದ ದಾರಿ ಮೂರೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು.

ಇನ್ನು ನಮ್ಮವರ ವಿಷಯಕ್ಕೆ ಬರೋಣ. ಶಾಲೆಯಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದು ಬರೆದು ಒಂದು ಅಂಕ ಪಡೆದವರು ನಾವೆಲ್ಲ. ಆದರೆ ಇಂದು ಕಲಬುರಗಿ ಜಿಲ್ಲೆಯ ಮಳಖೇಡವಾಗಿರುವ ಆ ಊರು ರಾಜಧಾನಿಯಾಗಿ ನೆಲೆಗೊಂಡದ್ದು ಅಮೋಘವರ್ಷನ ಕಾಲಕ್ಕೆ. ಅದಕ್ಕೆ ಮೊದಲು ಅರಮನೆ ಎಲ್ಲಿತ್ತು? ಅವನ ತಂದೆ ಮೂರನೆಯ ಗೋವಿಂದನ ತಾಮ್ರಪಟಗಳಲ್ಲಿ ಕೆಲವು ಮಯೂರಖಂಡಿಯಿಂದ ಹೊರಟಿವೆ. ಅದು ನಾಸಿಕ ಜಿಲ್ಲೆಯ ಸಪ್ತಶೃಂಗಿಯ ನೆರೆಯ ಮೋರಖಂಡ ಬೆಟ್ಟವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಕೆಲವರು ಅದನ್ನೇ ರಾಜಧಾನಿ ಎಂದರು. 1934ರಲ್ಲಿ ರಾಷ್ಟ್ರಕೂಟರ ಬಗ್ಗೆ ದೊಡ್ಡ ಗ್ರಂಥ ಬರೆದ ಅ. ಸ. ಅಳ್ತೇಕರರು ಒಪ್ಪಲಿಲ್ಲ. ಅವರ ಪ್ರಕಾರ ಶಾಸನದ ಮಾತಿನ ಅರ್ಥ ಅರಸ ಅಲ್ಲಿ ಬೀಡುಬಿಟ್ಟಿದ್ದ ಎಂದಷ್ಟೇ. ನನಗೆ ಅಳ್ತೇಕರರ ವಾದವೇ ಸರಿ ಎನಿಸುತ್ತದೆ. ಕಾರಣ, ಕೈಲಾಸದ ಕೃಷ್ಣನದೂ ಇದೇ ಕಥೆ. ಶಕ 690ರ, ಎಂದರೆ ಕ್ರಿ.ಶ. 768ರ, ತಳೇಗಾಂವ ತಾಮ್ರಪಟ ಬರೆಸುವಾಗ ಅವನು ಗಂಗರ ಮೇಲೆ ದಂಡೆತ್ತಿ ಹೋಗಿ ಮಣ್ಣೆಯಲ್ಲಿ ಬೀಡುಬಿಟ್ಟಿದ್ದ. ಮಣ್ಣೆ ಇರುವುದು ಬೆಂಗಳೂರಿನ ಹತ್ತಿರ, ನೆಲಮಂಗಲ ತಾಲೂಕಿನಲ್ಲಿ. ಅವನು ದಾನ ಕೊಟ್ಟದ್ದು ಪುಣೆ ಸೀಮೆಯ ಊರನ್ನು. ನೆಲಮಂಗಲದ ಗುಡಾರದಲ್ಲಿ ಕುಳಿತು ಪುಣೆಯ ಭೂಮಿಯ ಕಾಗದಪತ್ರ! ಅವನ ಕರಣಿಕರ ಪಾಡನ್ನು ನೆನೆದರೆ ನನ್ನ ಕಚೇರಿಯ ಕಡತಗಳು ಸುಖವಾಗಿವೆ ಎನಿಸುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯದ್ದು. ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಹಿಂದಿರುಗುವಾಗ ಮಳೆಗಾಲವನ್ನು ಶ್ರೀಭವನ ಎಂಬಲ್ಲಿ ಕಳೆದ. ಅದು ಗುಜರಾತಿನ ಸೀಮೆ. ಸೇನೆ ಅಲ್ಲಿ ತಂಗಿದ್ದಾಗ, ಸುಮಾರು ಕ್ರಿ.ಶ. 800ರಲ್ಲಿ, ಅಮೋಘವರ್ಷ ಹುಟ್ಟಿದನೆಂಬುದು ಕ್ರಿ.ಶ. 871ರ ಸಂಜಾನ ತಾಮ್ರಪಟದಿಂದ ತಿಳಿದುಬರುತ್ತದೆ. ಅಮೋಘವರ್ಷ ನೃಪತುಂಗನೆಂದರೆ ಯಾರು? ಇವನ ಆಸ್ಥಾನದಲ್ಲಿ, ಇವನ ಸಮ್ಮತಿಯಿಂದ ಶ್ರೀವಿಜಯ 'ಕವಿರಾಜಮಾರ್ಗ' ರಚಿಸಿದ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅದೇ ಮೊದಲನೆಯದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎಲ್ಲೆ ಹೇಳಿದ್ದೂ ಅದೇ ಗ್ರಂಥ. ಆ ಎಲ್ಲೆಯನ್ನು ಹೆಮ್ಮೆಯಿಂದ ಹೇಳುವ ನಾವು, ಆ ಗ್ರಂಥದ ಆಶ್ರಯದಾತ ಎಲ್ಲೆಯ ಆಚೆ, ದಾರಿಯ ಮೇಲಿನ ಬಿಡಾರದಲ್ಲಿ, ಮಳೆಗಾಲದ ಕೆಸರಿನಲ್ಲಿ ಹುಟ್ಟಿದ ಮಗು ಎಂಬುದನ್ನು ಹೇಳುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿದ ನನ್ನ ಮಗನಿಗೆ ಇದನ್ನು ಹೇಳಿದಾಗ ಅವನು, "ಹಾಗಾದರೆ ಅವನ ನೇಟಿವ್ ಪ್ಲೇಸ್ ಯಾವುದು?" ಎಂದು ಕೇಳಿದ. ಶಾಲೆಯ ಅರ್ಜಿಗಳಲ್ಲಿ ಆ ಕಾಲಂ ತುಂಬಲು ಪ್ರತಿವರ್ಷವೂ ನನ್ನನ್ನು ಪೀಡಿಸುವವನು ಅವನು.

ನಮ್ಮ ಭಾಷೆಯನ್ನೇ ನೋಡಿ. ದಂಡು ತಂಗುವುದು 'ಬೀಡು'. ಅರಸ ನೆಲೆಯಾಗಿ ನಿಂತರೆ ಅದು 'ನೆಲೆವೀಡು'. ಬೀಡಿಗೆ ನೆಲೆ ಎಂಬ ವಿಶೇಷಣ ಹತ್ತಿದೆ, ಅಷ್ಟೆ. ತುಳುನಾಡಿನಲ್ಲಿ ಬಲ್ಲಾಳರ ದೊಡ್ಡ ಮನೆ 'ಬೀಡು'. ಮದುವೆಯ ದಿಬ್ಬಣಕ್ಕೆ 'ಬಿಡದಿ'. ಪರಊರಿನಲ್ಲಿ ಹಿಡಿದ ಬಾಡಿಗೆ ಕೋಣೆ 'ಬಿಡಾರ'. ಒಂದು ರಾತ್ರಿಯ ಗುಡಾರದಿಂದ ತಲೆಮಾರುಗಳ ಮನೆಯವರೆಗೆ ಒಂದೇ ಬೇರಿನ ಮಾತುಗಳು.

ಮುಂದೆ ಬಂದ ಮೊಗಲರ ಬೀಡಂತೂ ಗಾತ್ರದಲ್ಲಿ ಇವೆಲ್ಲವನ್ನೂ ಮೀರಿಸಿದ್ದು. ಕ್ರಿ.ಶ. 1664ರ ಕೊನೆಗೆ ಔರಂಗಜೇಬನೊಡನೆ ಕಾಶ್ಮೀರದ ಕಡೆ ಹೊರಟ ಫ್ರೆಂಚ್ ವೈದ್ಯ ಬರ್ನಿಯೆ ಅದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಬಾದಶಹನಿಗೆ ಎರಡು ಜೊತೆ ಗುಡಾರ. ಇಂದು ಒಂದರಲ್ಲಿ ಮಲಗಿದರೆ ಇನ್ನೊಂದು ಮುಂದಿನ ತಾಣದಲ್ಲಿ ಆಗಲೇ ಏಳುತ್ತಿರುತ್ತದೆ. ಮುಂದೆ ಹೋಗುವ ಅದಕ್ಕೆ ಪೇಶಖಾನೆ ಎಂದು ಹೆಸರು. ಒಂದು ಜೊತೆ ಹೊರಲು 60ಕ್ಕೂ ಹೆಚ್ಚು ಆನೆ, 200 ಒಂಟೆ, 100 ಹೇಸರಗತ್ತೆ, 100 ಕೂಲಿಗಳು. ಸಂಜೆ ಅಡುಗೆಯ ಹೊಗೆ ಕವಿದು ಸ್ವಂತ ಡೇರೆ ಕಾಣದೆ ತಿರುಗುವವರಿಗಾಗಿ ಎತ್ತರದ ಕಂಬದ ಮೇಲೊಂದು ಆಕಾಶದೀಪ. ಅದೇ ಔರಂಗಜೇಬ 1681ರಲ್ಲಿ ದಕ್ಷಿಣಕ್ಕೆ ಹೊರಟವನು ಮತ್ತೆ ದೆಹಲಿ ಕಾಣಲಿಲ್ಲ. 1695ರಲ್ಲಿ ಇಟಲಿಯ ಪ್ರವಾಸಿ ಕರೇರಿ ಅವನನ್ನು ಕಂಡದ್ದು ಕೃಷ್ಣಾ ತೀರದ ಗಲಗಲಿಯಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿ. ಅರಸನ ಡೇರೆಗಳ ಸುತ್ತಳತೆಯೇ 3 ಮೈಲಿ ಎಂದು ಅವನು ಬರೆದ. 1707ರಲ್ಲಿ ಅಹಮದನಗರದಲ್ಲಿ ಸತ್ತ ಔರಂಗಜೇಬನ ಗೋರಿ ಎಲ್ಲೋರಾಕ್ಕೆ ಕೂಗಳತೆಯ ಖುಲ್ದಾಬಾದಿನಲ್ಲಿದೆ. ಇಷ್ಟು ಜನಕ್ಕೆ ಧಾನ್ಯ ಒದಗಿಸಿದವರು ಹೇರೆತ್ತುಗಳ ಬಣಜಾರರು, ನಮ್ಮ ಕಡೆಯ ಲಂಬಾಣಿಗಳು. ಮೊಗಲರ ಹೆಸರು ಚರಿತ್ರೆಯಲ್ಲಿ ಉಳಿಯಿತು. ನಿಜವಾಗಿ ದಾರಿಯನ್ನೇ ಮನೆ ಮಾಡಿಕೊಂಡಿದ್ದವರಿಗೆ ಉಳಿದದ್ದು ತಾಂಡಾ.

ಕುತೂಹಲಕ್ಕಾಗಿಯೇ ಗುಡಾರ ಹೊತ್ತು ಎಲ್ಲೋರಾಕ್ಕೆ ಬಂದವರಲ್ಲಿ ಮೊದಲಿಗರ ಸಾಲಿನವನು ಮುಂಬಯಿ ಸೇನೆಯ ಜಾನ್ ಸೀಲಿ. 1810ರಲ್ಲಿ ಪುಣೆ, ಅಹಮದನಗರ, ಟೋಕೆಗಳ ಮೇಲೆ ಬಂದು, 1824ರಲ್ಲಿ 'ಎಲ್ಲೋರಾದ ಅದ್ಭುತಗಳು' ಎಂಬ ಅರ್ಥದ ಪುಸ್ತಕ ಬರೆದ. ಶೀರ್ಷಿಕೆಯಲ್ಲೇ ಅದನ್ನು ಗ್ರಾನೈಟ್ ಬೆಟ್ಟ ಎಂದಿದ್ದಾನೆ. ಬಿ.ಎಸ್ಸಿ. ಓದಿದವನಾಗಿ ತಿದ್ದದೆ ಇರಲಾರೆ: ಅದು ದಖನ್ನಿನ ಲಾವಾ ಹರಿದು ಗಟ್ಟಿಯಾದ ಬಸಾಲ್ಟ್. ವಿಲಾಸಕ್ಕಾಗಿ ಮನೆಗಾಡಿ ಕಟ್ಟಿಸಿದ ಕೀರ್ತಿಯನ್ನು ಆಂಗ್ಲರು ನಿವೃತ್ತ ನೌಕಾವೈದ್ಯ ಗಾರ್ಡನ್ ಸ್ಟೇಬಲ್ಸ್‌ಗೆ ಕೊಡುತ್ತಾರೆ. 1885ರಲ್ಲಿ ಬ್ರಿಸ್ಟಲಿನಲ್ಲಿ ತಯಾರಾದ ಅವನ 'ವಾಂಡರರ್' ಗಾಡಿಗೆ ಎರಡು ಕುದುರೆ. ಮುಂದೆ ಮೂರುಚಕ್ರದ ಸೈಕಲ್ಲಿನಲ್ಲಿ ಅವನ ಆಳು. ಪೇಶಖಾನೆಯ ಬಡ ತಮ್ಮ ಎನ್ನಬಹುದು.

ನಮಗೆ ಮುಂದೆ ಕಳಿಸಲು ಆಳಿರಲಿಲ್ಲ. ಔಟ್ರಾಂ ಘಾಟು ಹತ್ತಿ ಕನ್ನಡ ಮುಟ್ಟುವಾಗ ಕತ್ತಲಾಗಿತ್ತು. ಘಾಟಿನ ಹೆಸರು, 1825ರಲ್ಲಿ ಖಾನದೇಶದ ಭಿಲ್ಲ ಪಡೆ ಕಟ್ಟಿದ ಜೇಮ್ಸ್ ಔಟ್ರಾಮನದು. ನಮ್ಮ ತೊಟ್ಟಿಯ ನೀರು ಅಷ್ಟರಲ್ಲಿ ಮುಗಿದಿತ್ತು. ಆಧುನಿಕ ಮನೆಗಾಡಿಯ ಗುಟ್ಟು ಇಷ್ಟೇ: ಎಲ್ಲವನ್ನೂ ಹೊತ್ತು ತಿರುಗುತ್ತದೆ ಎನಿಸಿದರೂ ಒಂದೆರಡು ದಿನಕ್ಕೊಮ್ಮೆ ಅದಕ್ಕೆ ಯಾರಾದರೂ ನೀರು ಕೊಡಬೇಕು, ಕೊಳೆನೀರು ಬಿಡಲು ಜಾಗ ತೋರಿಸಬೇಕು. ಊರ ಹೊರಗೆ ಹತ್ತಿಯ ಹೊಲವೊಂದರ ಬಳಿ ದೀಪ ಕಂಡು ನಿಲ್ಲಿಸಿದೆವು. ರೈತ ಟಾರ್ಚು ಹಿಡಿದು ಬಂದು ಗಾಡಿಯನ್ನು ಸುತ್ತಿ ನೋಡಿದ. ನಾನು ಮರಾಠಿಯಲ್ಲಿ ವಿಷಯ ಹೇಳುತ್ತಿದ್ದಂತೆ ಅವನು ಒಳಗೆ ಕುಳಿತ ತಾಯಿಯನ್ನು, "ಆಜೀ, ತುಮ್ಹೀ ಕುಠಲ್ಯಾ?" ಎಂದು ಕೇಳಿದ. ಎಲ್ಲಿಯವರು ಎಂದು ಕೇಳಿದ್ದು ತಾಯಿಗೆ ಯಾವ ಭಾಷೆಯವರು ಎಂದು ಕೇಳಿಸಿತೋ ಏನೋ, "ಕನ್ನಡ" ಎಂದರು.

"ಮಗ ಹೇ ಕನ್ನಡಚ ಆಹೇ" ಎಂದು ಅವನು ನಕ್ಕ. ಹಾಗಾದರೆ ಇದು ಕನ್ನಡವೇ ತಾನೆ!

ಗಾಡಿಯನ್ನು ಬಾವಿಯ ಪಕ್ಕದ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡೆವು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮರುದಿನ ಮುಂಜಾನೆ ಅವನ ಮಕ್ಕಳು ಗಾಡಿಯೊಳಗೆ ಹತ್ತಿ ಇಳಿದು ಮಡಿಸುವ ಹಾಸಿಗೆಯನ್ನು ಹತ್ತು ಸಲ ಮಡಿಸಿ ನೋಡಿದ್ದೇ ಬಾಡಿಗೆಯಾಯಿತು. ಪಂಪು ಹಾಕಿ ತೊಟ್ಟಿ ತುಂಬಿಸಿಕೊಂಡು ಏಳು ಗಂಟೆಗೆ ಎಲ್ಲೋರಾದ ಕಡೆ ಹೊರಟೆವು. ತಾಯಿ ಕೈಲಾಸದ ಅಂಗಳದಲ್ಲಿ ಕಲ್ಲಿನ ಆನೆಗಳ ಹತ್ತಿರ ಒಂದು ಗಂಟೆ ಕುಳಿತಿದ್ದರು. ಮೇಲಿನ ಮೆಟ್ಟಿಲು ಹತ್ತುವುದಾಗಲಿಲ್ಲ.