ಬೈಲಾ ಯಾರ ಕೈಯಲ್ಲಿ, ಸಂಘ ಅವರ ಕೈಯಲ್ಲಿ: ಅಮೆರಿಕದ ಶಾಲಾ ಅಧಿಕಾರಿಗಳ ಸಂಘದ ಕಥೆ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಓದೋಕೆ ಕೊಡಿ ಅನ್ನೋರಿಗಾಗಿ ಈ ಸಂಚಿಕೆಯ ಮಾತು ಬರಹದ ರೂಪದಲ್ಲಿ ಇಲ್ಲಿದೆ.

ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ನಮ್ಮಲ್ಲಿ ಬಹಳಷ್ಟು ಜನ ಒಂದಲ್ಲ ಒಂದು ಸಂಘದ ಸದಸ್ಯರು. ಕನ್ನಡ ಸಂಘ ಇರಬಹುದು, ಹೌಸಿಂಗ್ ಸೊಸೈಟಿ ಇರಬಹುದು. ವರ್ಷಕ್ಕೊಂದು ಸಲ ಎಜಿಎಂ ನೋಟಿಸ್ ಬರುತ್ತೆ. ಅದರಲ್ಲಿ ಏಳನೆಯದೋ ಎಂಟನೆಯದೋ ವಿಷಯವಾಗಿ "ಬೈಲಾ ತಿದ್ದುಪಡಿ" ಅಂತ ಇರುತ್ತೆ. ಅದು ಬರೋ ಹೊತ್ತಿಗೆ ಅರ್ಧ ಜನ ಊಟದ ಸಾಲಿನಲ್ಲಿ ನಿಂತಿರ್ತಾರೆ. ಇವತ್ತಿನ ಕಥೆ ಆ ಎಂಟನೇ ವಿಷಯದ್ದು. ನಡೆದದ್ದು ಅಮೆರಿಕದಲ್ಲಿ. ಪಾತ್ರಧಾರಿಗಳು ಸರ್ಕಾರಿ ಶಾಲೆಗಳನ್ನು ನಡೆಸುವ ಅಧಿಕಾರಿಗಳು ಮತ್ತು ಅವರ ಕೈಕೆಳಗಿನ ಶಿಕ್ಷಕಿಯರು.

ಸೂಪರಿಂಟೆಂಡೆಂಟ್ ಅಂದ್ರೆ ಯಾರು?

ಮೊದಲು ಈ ಹುದ್ದೆ ಅರ್ಥ ಮಾಡಿಕೊಳ್ಳೋಣ. ನಮ್ಮಲ್ಲಿ ಜಿಲ್ಲೆಗೆ ಡಿಡಿಪಿಐ, ತಾಲೂಕಿಗೆ ಬಿಇಒ ಇರ್ತಾರಲ್ಲ, ಹೆಚ್ಚುಕಮ್ಮಿ ಆ ಥರದ ಕೆಲಸ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ಡಿಡಿಪಿಐ ರಾಜ್ಯ ಸರ್ಕಾರದ ನೌಕರ. ಅಮೆರಿಕದಲ್ಲಿ ಶಾಲೆಗಳು ಊರಿನ ಸ್ಕೂಲ್ ಬೋರ್ಡಿನ ಕೈಯಲ್ಲಿವೆ. ಬೋರ್ಡನ್ನು ಹೆಚ್ಚಿನ ಕಡೆ ಜನ ಆರಿಸ್ತಾರೆ, ಕೆಲವು ನಗರಗಳಲ್ಲಿ ಮೇಯರ್ ನೇಮಿಸ್ತಾರೆ. ಆ ಬೋರ್ಡು ಸೂಪರಿಂಟೆಂಡೆಂಟರನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತೆ. ಬೋರ್ಡಿಗೆ ಮನಸ್ಸು ಬದಲಾದರೆ ಕೆಲಸವೂ ಹೋಯ್ತು. ಹೀಗೆ ಒಬ್ಬೊಬ್ಬರೇ ತೂಗುಯ್ಯಾಲೆಯಲ್ಲಿ ಕೂತವರು ಒಟ್ಟಾಗಬೇಕು ಅಂತ ಯೋಚಿಸಿದ್ದು ಸಹಜ. 1865ರಲ್ಲಿ, ಅಂತರ್ಯುದ್ಧ ಮುಗಿದ ವರ್ಷವೇ, ಅವರು ತಮ್ಮದೊಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡರು.

ಅದಕ್ಕೆ ಮುಂಚೆಯೇ, 1857ರಲ್ಲಿ, ಫಿಲಡೆಲ್ಫಿಯಾದಲ್ಲಿ ಶಿಕ್ಷಕರ ರಾಷ್ಟ್ರೀಯ ಸಂಘ ಶುರುವಾಗಿತ್ತು. ಹೆಸರು ಶಿಕ್ಷಕರದ್ದು, ಆದರೆ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಅದು ಸಿಕ್ಕಿದ್ದು 1866ರಲ್ಲಿ. 1870ರಲ್ಲಿ ಅಧಿಕಾರಿಗಳ ಸಂಘ ಈ ದೊಡ್ಡ ಸಂಘದೊಳಗೆ ಸೇರಿ ಅದರ ಒಂದು ವಿಭಾಗವಾಯ್ತು. ದೊಡ್ಡ ಸಂಘವನ್ನು ಮುಂದೆ ಎಲ್ಲರೂ ಎನ್‌ಇಎ ಅಂತ ಕರೆದರು, ಈಗಲೂ ಅದೇ ಹೆಸರು.

ಈಗ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಬೋರ್ಡಿನ ಮೇಲೆ ಶಿಕ್ಷಕರ ಹೆಸರು. ಒಳಗಿನ ಒಳ್ಳೇ ಕೋಣೆಯಲ್ಲಿ ಸೂಪರಿಂಟೆಂಡೆಂಟರು, ಕಾಲೇಜು ಅಧ್ಯಕ್ಷರು. ಬೇಸಿಗೆಯ ದೊಡ್ಡ ಸಮ್ಮೇಳನಕ್ಕೆ ಎಲ್ಲರೂ ಬರ್ತಾರೆ. ಚಳಿಗಾಲದಲ್ಲಿ ಅಧಿಕಾರಿಗಳ ವಿಭಾಗದ ಸಭೆ ಬೇರೆಯೇ ನಡೆಯುತ್ತೆ. 1895ರಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ದೇಶವೇ ಚರ್ಚೆ ಮಾಡಿದ "ಹದಿನೈದು ಜನರ ಸಮಿತಿ"ಯ ವರದಿ ಬಂದದ್ದು ಈ ಚಳಿಗಾಲದ ವಿಭಾಗದಿಂದಲೇ. ಅಂದ್ರೆ ತರಗತಿಯಲ್ಲಿ ಏನು ಕಲಿಸಬೇಕು ಅನ್ನೋ ಚರ್ಚೆ ತರಗತಿಯಲ್ಲಿ ನಿಲ್ಲುವವರಿಲ್ಲದೇ ನಡೀತಿತ್ತು.

ಚಿಕಾಗೋದಿಂದ ಬಂದ ಟೀಚರಮ್ಮ

1897ರಲ್ಲಿ ಚಿಕಾಗೋದ ಪ್ರಾಥಮಿಕ ಶಾಲೆಯ ಶಿಕ್ಷಕಿಯರು ತಮ್ಮದೇ ಒಕ್ಕೂಟ ಮಾಡಿಕೊಂಡರು. ಅವರಲ್ಲಿ ಮಾರ್ಗರೆಟ್ ಹೇಲಿ ಅಂತ ಒಬ್ಬರು. ಸಂಬಳ ಹೆಚ್ಚಿಸಿ ಅಂತ ಕೇಳಿದಾಗಲೆಲ್ಲ ಬೋರ್ಡು "ದುಡ್ಡಿಲ್ಲಮ್ಮ" ಅಂತಿತ್ತು. ದುಡ್ಡು ಯಾಕಿಲ್ಲ ಅಂತ ಹೇಲಿ ಮತ್ತು ಅವರ ಗೆಳತಿ ಕ್ಯಾಥರಿನ್ ಗಾಗಿನ್ ಕಡತ ಹುಡುಕಲು ಹೊರಟರು. ನಗರದ ಟ್ರಾಮ್, ಗ್ಯಾಸ್, ವಿದ್ಯುತ್ ಥರದ ಸೇವೆಯ ದೊಡ್ಡ ಕಂಪನಿಗಳು ತಮಗೆ ಸಿಕ್ಕ ಪರವಾನಗಿಯ ಮೌಲ್ಯಕ್ಕೆ ತೆರಿಗೆಯನ್ನೇ ಕಟ್ಟುತ್ತಿರಲಿಲ್ಲ. ಶಿಕ್ಷಕಿಯರು ಕೋರ್ಟಿಗೆ ಹೋದರು. 1901ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು.

ಅದೇ 1901ರ ಬೇಸಿಗೆಯಲ್ಲಿ ಎನ್‌ಇಎ ಸಮ್ಮೇಳನ ಡೆಟ್ರಾಯಿಟ್‌ನಲ್ಲಿ. ಕೇಂದ್ರ ಸರ್ಕಾರದ ಶಿಕ್ಷಣ ಕಮಿಷನರ್ ವಿಲಿಯಂ ಹ್ಯಾರಿಸ್ ದೇಶದ ಶಾಲೆಗಳು ಚೆನ್ನಾಗಿ ನಡೀತಿವೆ ಅನ್ನೋ ಧಾಟಿಯಲ್ಲಿ ಮಾತಾಡಿದರು. ಸಭೆಯ ನಡುವಿನಿಂದ ಹೇಲಿ ಎದ್ದು ನಿಂತು ಶಾಲೆಗೆ ಬೇಕಿರೋದು ಶ್ರೀಮಂತರ ದಾನ ಅಲ್ಲ, ಅವರು ಕಟ್ಟಬೇಕಾದ ತೆರಿಗೆ ಅಂದರು. ಹೇಲಿಯೇ ಮುಂದೆ ಆತ್ಮಕಥೆಯಲ್ಲಿ ಹೇಳಿಕೊಂಡ ಹಾಗೆ, ಹ್ಯಾರಿಸರ ಉತ್ತರ ಇಷ್ಟೇ: ಆ ಟೀಚರ ಮಾತಿಗೆ ಗಮನ ಕೊಡಬೇಡಿ, ಪಾಪ ವರ್ಷವಿಡೀ ಪಾಠ ಮಾಡಿ ಸುಸ್ತಾಗಿದ್ದಾರೆ.

ಇಲ್ಲಿಂದ ಹೇಲಿ ಕಲಿತ ಪಾಠ ಮುಖ್ಯ. ಅವರು ಇನ್ನೂ ಜೋರಾಗಿ ಭಾಷಣ ಮಾಡ್ತೀನಿ ಅನ್ನಲಿಲ್ಲ. ಸಂಘದ ನಿಯಮಾವಳಿ ತೆಗೆದು ಓದಿದರು.

ನಾಮನಿರ್ದೇಶನ ಸಮಿತಿ ಅನ್ನೋ ಕೀಲಿಕೈ

ಎನ್‌ಇಎಯಲ್ಲಿ ಅಧ್ಯಕ್ಷರ ಆಯ್ಕೆ ಹೇಗೆ? ಒಂದು ನಾಮನಿರ್ದೇಶನ ಸಮಿತಿ ಒಂದು ಹೆಸರು ತರುತ್ತೆ, ಸಭೆ ಚಪ್ಪಾಳೆ ತಟ್ಟುತ್ತೆ, ಮುಗೀತು. ಹಾಗಾದ್ರೆ ನಿಜವಾದ ಚುನಾವಣೆ ನಡೆಯೋದು ಆ ಸಮಿತಿಯನ್ನು ಆರಿಸುವಾಗ. ಅಲ್ಲಿಯವರೆಗೆ ಆಯಾ ರಾಜ್ಯದಿಂದ ಬಂದವರು ಸೇರಿ ತಮ್ಮ ಸದಸ್ಯರನ್ನು ಆರಿಸ್ತಿದ್ದರು. 1903ರ ಬಾಸ್ಟನ್ ಸಮ್ಮೇಳನದಲ್ಲಿ ಈ ಸಮಿತಿಯನ್ನು ಅಧ್ಯಕ್ಷರೇ ನೇಮಿಸಲಿ ಅನ್ನೋ ತಿದ್ದುಪಡಿ ಬಂತು. ಇದರ ಹಿಂದೆ ಇದ್ದವರು ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ನಿಕೋಲಸ್ ಮರ್ರಿ ಬಟ್ಲರ್, ಸಂಘದ ಹಳೇ ಹುಲಿ. ಈಗಿನ ಅಧ್ಯಕ್ಷರು ಸಮಿತಿ ನೇಮಿಸ್ತಾರೆ, ಸಮಿತಿ ಮುಂದಿನ ಅಧ್ಯಕ್ಷರನ್ನು ಸೂಚಿಸುತ್ತೆ. ಚಕ್ರ ಪೂರ್ತಿ ಆಯ್ತಲ್ಲ!

ಹೇಲಿ ಶಿಕ್ಷಕಿಯರನ್ನು ಒಟ್ಟು ಮಾಡಿ ಅದನ್ನು ಸೋಲಿಸಿದರು. ಅದರ ಫಲ ಕಾಣಿಸಿದ್ದು ಏಳು ವರ್ಷದ ನಂತರ.

1909ರಲ್ಲಿ ಚಿಕಾಗೋ ನಗರ ಎಲಾ ಫ್ಲ್ಯಾಗ್ ಯಂಗ್ ಅವರನ್ನು ಶಾಲೆಗಳ ಸೂಪರಿಂಟೆಂಡೆಂಟ್ ಮಾಡಿತು. ಅಮೆರಿಕದ ದೊಡ್ಡ ನಗರವೊಂದರ ಶಾಲೆಗಳಿಗೆ ಮುಖ್ಯಸ್ಥೆಯಾದ ಮೊದಲ ಮಹಿಳೆ ಅವರು. ಆಗ ಅವರಿಗೆ 64 ವರ್ಷ. 1862ರಲ್ಲಿ, ಹದಿಹರೆಯದಲ್ಲೇ ಟೀಚರ್ ಆದವರು. ಐವತ್ತು ದಾಟಿದ ಮೇಲೆ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ತತ್ತ್ವಜ್ಞಾನಿ ಜಾನ್ ಡ್ಯೂಯಿ ಹತ್ತಿರ ಓದಿ 1900ರಲ್ಲಿ ಪಿಎಚ್‌ಡಿ ಮಾಡಿದರು. ಶಾಲಾ ವ್ಯವಸ್ಥೆಯೊಳಗಿನ ಒಂಟಿತನವೇ ಆ ಸಂಶೋಧನೆಯ ವಿಷಯ. ತಿರುಳು ಹೀಗಿದೆ: ಯೋಚಿಸುವವರು ಮೇಲೆ, ಹೇಳಿದ್ದು ಮಾಡುವವರು ಕೆಳಗೆ ಅಂತ ಶಾಲೆಯನ್ನು ಫ್ಯಾಕ್ಟರಿ ಥರ ಕಟ್ಟಿದರೆ ಶಿಕ್ಷಕಿ ಒಂಟಿಯಾಗ್ತಾಳೆ, ಅಧಿಕಾರಿಯೂ ಒಂಟಿಯಾಗ್ತಾನೆ. ಇದಕ್ಕೆ ಅವರು ಸೂಚಿಸಿದ ಮದ್ದು ಶಿಕ್ಷಕರ ಪರಿಷತ್ತುಗಳು. ಶಿಕ್ಷಕರೇ ಕೂತು ಚರ್ಚಿಸಿ ಆಡಳಿತಕ್ಕೆ ಸಲಹೆ ಕೊಡೋ ವ್ಯವಸ್ಥೆ.

1910ರಲ್ಲಿ ಸಮ್ಮೇಳನ ಮತ್ತೆ ಬಾಸ್ಟನ್‌ನಲ್ಲಿ. ನಾಮನಿರ್ದೇಶನ ಸಮಿತಿ ಎಂದಿನಂತೆ ಒಬ್ಬ ಗಂಡಸಿನ ಹೆಸರು ತಂದಿತು. ಆದರೆ ಈ ಸಲ ಸಭೆಯ ಒಳಗಿಂದಲೇ ಒಂದು ತಿದ್ದುಪಡಿ ಎದ್ದಿತು: ಆ ಹೆಸರಿನ ಜಾಗದಲ್ಲಿ ಎಲಾ ಯಂಗ್ ಅವರ ಹೆಸರು ಹಾಕಿ. ಮತಕ್ಕೆ ಹಾಕಿದರು, ಗೆದ್ದಿತು. 53 ವರ್ಷದ ಸಂಘಕ್ಕೆ ಮೊದಲ ಮಹಿಳಾ ಅಧ್ಯಕ್ಷೆ ಬಂದರು.

ಅಧಿಕಾರಿಯ ಕುರ್ಚಿ ಎಷ್ಟು ಅಲುಗಾಡುತ್ತೆ ಅನ್ನೋದಕ್ಕೂ ಯಂಗ್ ಅವರೇ ಉದಾಹರಣೆ. 1913ರ ಡಿಸೆಂಬರಿನಲ್ಲಿ ಚಿಕಾಗೋ ಬೋರ್ಡು ಅವರನ್ನು ಕೆಳಗಿಳಿಸಿ ಅವರ ಸಹಾಯಕರನ್ನು ಕೂರಿಸಿತು. ಅದೇ ವರ್ಷ ಇಲಿನಾಯ್‌ನಲ್ಲಿ ಹೆಂಗಸರಿಗೆ ನಗರ ಚುನಾವಣೆಯ ಮತದ ಹಕ್ಕು ಸಿಕ್ಕಿತ್ತು. ಮಹಿಳಾ ಸಂಘಟನೆಗಳು ಬೀದಿಗೆ ಬಂದವು. ಮೇಯರ್ ಕಾರ್ಟರ್ ಹ್ಯಾರಿಸನ್ ಹತ್ತಿರ ಕೆಲವು ಬೋರ್ಡ್ ಸದಸ್ಯರು ಮೊದಲೇ ಸಹಿ ಹಾಕಿಕೊಟ್ಟಿದ್ದ ರಾಜೀನಾಮೆ ಪತ್ರಗಳಿದ್ದವು. ಅವನ್ನು ಹೊರತೆಗೆದು ಅಂಗೀಕರಿಸಿಬಿಟ್ಟರು. ಹೊಸ ಸದಸ್ಯರು ಬಂದರು, ಅದೇ ತಿಂಗಳು ಯಂಗ್ ಮತ್ತೆ ಕುರ್ಚಿಗೆ ಬಂದರು.

ಒಳ್ಳೆಯವರಿಗೆ ನ್ಯಾಯ ಸಿಕ್ಕಿತು ಅಂತ ಖುಷಿ ಆಗುತ್ತೆ. ಆದರೆ ದಾರಿ ನೋಡಿ. ಸದಸ್ಯರ ರಾಜೀನಾಮೆ ಮೇಯರ್ ಜೇಬಿನಲ್ಲಿರೋ ವ್ಯವಸ್ಥೆ ಇವತ್ತು ಯಂಗ್ ಪರ ಕೆಲಸ ಮಾಡಿತು, ನಾಳೆ ಯಾರ ಪರ? 1915ರಲ್ಲಿ ಚಿಕಾಗೋ ಬೋರ್ಡು ಹೇಲಿಯವರ ಒಕ್ಕೂಟದಲ್ಲಿ ಶಿಕ್ಷಕರು ಇರಲೇಬಾರದು ಅಂತ ನಿಯಮ ತಂದಿತು. ಆ ವರ್ಷದ ಕೊನೆಗೆ ಯಂಗ್ ನಿವೃತ್ತರಾದರು.

1920: ಪ್ರಾತಿನಿಧ್ಯದ ಹೆಸರಲ್ಲಿ

ಈಗ ಕಥೆಯ ತಿರುವು. ಎನ್‌ಇಎಯಲ್ಲಿ ಸಮ್ಮೇಳನಕ್ಕೆ ಬಂದ ಸದಸ್ಯರೆಲ್ಲ ಮತ ಹಾಕಬಹುದಿತ್ತು. ಸಮ್ಮೇಳನ ಯಾವ ಊರಲ್ಲೋ ಆ ಊರಿನ ಶಿಕ್ಷಕಿಯರು ಗುಂಪಾಗಿ ಬಂದರೆ ಲೆಕ್ಕ ತಲೆಕೆಳಗು. ಇದು ಸರಿಯಲ್ಲ, ದೇಶದ ಸಂಘವನ್ನು ಒಂದು ಊರಿನವರು ನಿರ್ಧರಿಸಬಾರದು, ರಾಜ್ಯ ಮತ್ತು ಸ್ಥಳೀಯ ಸಂಘಗಳಿಂದ ಪ್ರತಿನಿಧಿಗಳು ಬರಲಿ ಅಂತ ಮುಖಂಡರು ವಾದಿಸಿದರು. ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ವಾದದಲ್ಲಿ ಹುರುಳಿದೆ. ಮುಂಬೈಯಲ್ಲಿ ಸಭೆ ಇಟ್ಟು ಮುಂಬೈಯವರೇ ಇಡೀ ದೇಶದ ಸಂಘದ ತೀರ್ಮಾನ ಮಾಡಿದರೆ ಚೆನ್ನೈನವರು ಸುಮ್ಮನಿರ್ತಾರಾ?

ಹೇಲಿಯ ಪ್ರಶ್ನೆ ಬೇರೆ ಇತ್ತು. ಆ ಪ್ರತಿನಿಧಿಗಳನ್ನು ಕಳಿಸೋ ರಾಜ್ಯ ಸಂಘಗಳು ಯಾರ ಕೈಯಲ್ಲಿವೆ? ಹೆಚ್ಚಿನ ಕಡೆ ಸೂಪರಿಂಟೆಂಡೆಂಟರು, ಪ್ರಿನ್ಸಿಪಾಲರ ಕೈಯಲ್ಲಿ. ಒಂದು ವರ್ಷ ಈ ಬದಲಾವಣೆಯನ್ನು ಶಿಕ್ಷಕಿಯರು ತಡೆದರು. 1920ರಲ್ಲಿ ಸಮ್ಮೇಳನ ಸಾಲ್ಟ್ ಲೇಕ್ ಸಿಟಿಗೆ ಹೋಯ್ತು. ಚಿಕಾಗೋದಿಂದ ಬಹು ದೂರ. ಊರಿನ ಶಿಕ್ಷಕರು ತಮ್ಮ ಅಧಿಕಾರಿಗಳ ಜೊತೆ ಮತ ಹಾಕಿದರು. ಪ್ರತಿನಿಧಿ ಸಭೆ ಜಾರಿಗೆ ಬಂತು, ನೇರ ಮತ ಹೋಯ್ತು.

ಸಂಘ ಮಾತ್ರ ಬೆಳೀತು. 1922ರ ಹೊತ್ತಿಗೆ ಸದಸ್ಯರ ಸಂಖ್ಯೆ ಲಕ್ಷ ದಾಟಿತು. ಎಷ್ಟೋ ಕಡೆ ಮೇಲಧಿಕಾರಿ "ನಮ್ಮ ಶಾಲೆ ನೂರಕ್ಕೆ ನೂರು ಸೇರಬೇಕು" ಅಂದರೆ ಟೀಚರು ಚಂದಾ ಕಟ್ತಿದ್ದರು. ಚಂದಾ ಕೆಳಗಿನವರದ್ದು, ಧ್ವನಿ ಮೇಲಿನವರದ್ದು.

ಇದೇ ಹೊತ್ತಿಗೆ ಅಧಿಕಾರಿಗಳ ವಿಭಾಗ ತನ್ನದೇ ಸಂವಿಧಾನ ಬರೆದುಕೊಂಡು, 1922ರಲ್ಲಿ ಪೂರ್ಣಾವಧಿ ಕಾರ್ಯದರ್ಶಿಯನ್ನು ನೇಮಿಸಿಕೊಂಡಿತು. ಅವರು ಶೆರ್ವುಡ್ ಶ್ಯಾಂಕ್‌ಲ್ಯಾಂಡ್, 1946ರವರೆಗೆ ಇದ್ದರು. ಅಧ್ಯಕ್ಷರ ಅವಧಿ ಒಂದೇ ವರ್ಷ, ಕಾರ್ಯದರ್ಶಿಯದ್ದು ಇಪ್ಪತ್ತನಾಲ್ಕು. ಫೋಟೋದಲ್ಲಿ ಹಾರ ಒಬ್ಬರಿಗೆ, ಕಪಾಟಿನ ಬೀಗ ಇನ್ನೊಬ್ಬರ ಹತ್ತಿರ. ಇದು ತಪ್ಪು ಅಂತಲ್ಲ. ವರ್ಷಕ್ಕೊಮ್ಮೆ ಬದಲಾಗೋ ಅಧ್ಯಕ್ಷರಿಂದ ಕಚೇರಿ ನಡೆಯಲ್ಲ. ಆದರೆ ಸಂಘದ ನೆನಪು ಯಾರ ಹತ್ತಿರ ಇರುತ್ತೋ ಅಧಿಕಾರವೂ ನಿಧಾನಕ್ಕೆ ಅಲ್ಲಿಗೇ ಹರಿಯುತ್ತೆ. 1937ರಲ್ಲಿ ಈ ವಿಭಾಗ ಅಮೆರಿಕನ್ ಅಸೋಸಿಯೇಷನ್ ಆಫ್ ಸ್ಕೂಲ್ ಅಡ್ಮಿನಿಸ್ಟ್ರೇಟರ್ಸ್, ಎಎಎಸ್‌ಎ, ಅನ್ನೋ ಹೆಸರು ಪಡೀತು.

ಮನೆ ಪಾಲಾಯ್ತು

ಬಾಸ್ ಮತ್ತು ನೌಕರ ಒಂದೇ ಸಂಘದಲ್ಲಿ ಎಷ್ಟು ದಿನ? 1961ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಕರು ತಮ್ಮ ಪರ ಮಾತುಕತೆಗೆ ಎನ್‌ಇಎ ಬೆಂಬಲಿತ ಗುಂಪನ್ನು ಬಿಟ್ಟು ಕಾರ್ಮಿಕ ಸಂಘವೊಂದನ್ನು ಆರಿಸಿಕೊಂಡರು. ಮರು ವರ್ಷ ಮುಷ್ಕರ ಮಾಡಿದರು. ಎನ್‌ಇಎಗೆ ಎಚ್ಚರವಾಯ್ತು. ನಾವೂ ಶಿಕ್ಷಕರ ಪರ ಬೋರ್ಡಿನ ಜೊತೆ ಚೌಕಾಸಿಗೆ ಕೂರದಿದ್ದರೆ ಸದಸ್ಯರು ಉಳಿಯಲ್ಲ ಅಂತ ಅರ್ಥವಾಯ್ತು. 1968ರಲ್ಲಿ ಫ್ಲಾರಿಡಾದಲ್ಲಿ ರಾಜ್ಯದಾದ್ಯಂತ ಎನ್‌ಇಎ ಶಿಕ್ಷಕರೇ ಕೆಲಸ ಬಿಟ್ಟು ಹೊರನಡೆದರು.

ಮಾತುಕತೆಯ ಮೇಜಿನ ಆ ಕಡೆ ಬೋರ್ಡಿನ ಪರ ಕೂತವರು ಯಾರು? ಸೂಪರಿಂಟೆಂಡೆಂಟರು. 1970ರ ದಶಕದ ಆರಂಭದಲ್ಲಿ, ಸುಮಾರು ನೂರು ವರ್ಷದ ಸಂಸಾರದ ನಂತರ, ಎಎಎಸ್‌ಎ ಎನ್‌ಇಎಯಿಂದ ಹೊರಬಂದು ಸ್ವತಂತ್ರವಾಯ್ತು. ಒಂದು ಕಾಲದಲ್ಲಿ ಮನೆ ಯಜಮಾನರಾಗಿದ್ದವರೇ ಹೊರಗೆ ಹೋದರು. ಅದೇ ಹೊತ್ತಿಗೆ, 1970ರಲ್ಲಿ, ಕಪ್ಪು ಜನಾಂಗದ ಸೂಪರಿಂಟೆಂಡೆಂಟರು ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ಅಧಿಕಾರಿಗಳ ಸಂಘದೊಳಗೂ "ಇದು ಯಾರ ಸಂಘ?" ಅನ್ನೋ ಪ್ರಶ್ನೆ ಇತ್ತು ಅಂತ ಇದರರ್ಥ.

ಉಳಿದದ್ದು ಏನು?

ಬೇರೆಯಾಗಿದ್ದರಿಂದ ಎರಡೂ ಕಡೆಯವರಿಗೆ ಲಾಭ ಆಯ್ತು. ಶಿಕ್ಷಕರಿಗೆ ಸಂಬಳದ ಬಗ್ಗೆ ಹೆದರದೆ ಮಾತಾಡೋ ಸಂಘ ಸಿಕ್ಕಿತು. ಅಧಿಕಾರಿಗಳಿಗೆ ತಮ್ಮ ಅಲುಗಾಡುವ ಕುರ್ಚಿಯ ಕಷ್ಟ ಹೇಳಿಕೊಳ್ಳೋ ಜಾಗ ಸಿಕ್ಕಿತು. ಆದರೆ ಯಂಗ್ ಹೇಳಿದ್ದ ಒಂಟಿತನ ಹೋಗಲಿಲ್ಲ. ಅದಕ್ಕೆ ಈಗ ಎರಡು ಕಚೇರಿ, ಎರಡು ಲೆಟರ್‌ಹೆಡ್ ಬಂದವು. ಶಿಕ್ಷಕರಲ್ಲಿ ಮುಕ್ಕಾಲು ಪಾಲು ಹೆಂಗಸರಿರೋ ದೇಶದಲ್ಲಿ, ಯಂಗ್ ಕುರ್ಚಿ ಏರಿ ನೂರು ವರ್ಷ ಕಳೆದ ಮೇಲೂ, ಸೂಪರಿಂಟೆಂಡೆಂಟರಲ್ಲಿ ಮಹಿಳೆಯರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಒಬ್ಬರು ಗೆದ್ದರೆ ದಾರಿ ತೆರೆಯುತ್ತೆ ನಿಜ, ಅದು ತೆರೆದೇ ಇರಬೇಕಾದರೆ ನಿಯಮ ಬದಲಾಗಬೇಕು.

ಈ ಕಥೆಯಲ್ಲಿ ತೀರ್ಮಾನ ಆದದ್ದೆಲ್ಲ ಸಣ್ಣ ಸಾಲುಗಳಲ್ಲಿ. ಸಮಿತಿಯನ್ನು ಯಾರು ನೇಮಿಸಬೇಕು, ಮತ ಯಾರಿಗೆ, ಸಭೆ ಯಾವ ಊರಲ್ಲಿ, ಕಾರ್ಯದರ್ಶಿ ಎಷ್ಟು ವರ್ಷ. ಹೇಲಿ ಇದನ್ನು ಅರ್ಥ ಮಾಡಿಕೊಂಡಿದ್ದರಿಂದ 1903ರಲ್ಲಿ ಗೆದ್ದರು. ಬಟ್ಲರ್ ಥರದವರು ಅದಕ್ಕೂ ಮುಂಚೆಯೇ ಅರ್ಥ ಮಾಡಿಕೊಂಡಿದ್ದರು.

ಮುಂದಿನ ಸಲ ನಿಮ್ಮ ಸಂಘದ ಎಜಿಎಂಗೆ ಹೋದಾಗ ಎಂಟನೇ ವಿಷಯ ಬರುವವರೆಗೂ ಕೂತಿರಿ. ಊಟ ಎಲ್ಲೂ ಹೋಗಲ್ಲ.