ನಡೆಯುವವಳಿಗೆ ಅಂಕವಿಲ್ಲ

ಬೆಂಗಳೂರಿನ ಸೌತ್ ಎಂಡ್ ವೃತ್ತದ ಹೆಸರಿನಲ್ಲೇ ಒಂದು ಚರಿತ್ರೆಯಿದೆ. ಒಂದು ಕಾಲಕ್ಕೆ ಊರಿನ ದಕ್ಷಿಣದ ಎಲ್ಲೆ ಅಲ್ಲಿಗೆ ಮುಗಿಯುತ್ತಿತ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. ಆಮೇಲೆ ಬನಶಂಕರಿ ಬಂತು, ಜೆ.ಪಿ. ನಗರ ಬಂತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಕೂಡಿಸಿಕೊಂಡು ಬಿ.ಟಿ.ಎಂ. ಬಡಾವಣೆಯೂ ಬಂತು. ತುದಿ ಎಂದುಕೊಂಡದ್ದು ನಡುವಾಯಿತು. ಊರು ಬೆಳೆದಂತೆ ಒಂದು ಪ್ರಶ್ನೆಯೂ ಬೆಳೆಯಿತು: ರಸ್ತೆ, ಸೇತುವೆ, ರೈಲು, ಬಸ್ಸು, ಕಾಲುದಾರಿ ಎಲ್ಲವೂ ಬೇಕು, ಇರುವ ಹಣದಲ್ಲಿ ಮೊದಲು ಯಾವುದು?

ಸಂಬಳದ ದಿನ ಮನೆಯಲ್ಲಿ ಬರೆಯುವ ಪಟ್ಟಿಯೂ ಇಂಥದ್ದೇ. ಬಾಡಿಗೆ, ಹಾಲು, ಮಕ್ಕಳ ಫೀಸು ಮೊದಲು. ಹೊಸ ಸೋಫಾ ಆಮೇಲೆ. ಊರಿನ ಪಟ್ಟಿ ಬರೆಯುವವರೂ ಪ್ರತಿ ಯೋಜನೆಗೂ ಒಂದಿಷ್ಟು ಅಂಕ ಹಾಕುತ್ತಾರೆ. ಆ ಅಂಕ ಎಲ್ಲಿಂದ ಬರುತ್ತದೆ ಎಂಬುದು ಎಂಜಿನಿಯರರಿಗೆ ಮಾತ್ರ ಸೇರಿದ ವಿಷಯವೆಂದು ನಾವು ಸುಮ್ಮನಿರುತ್ತೇವೆ. ಆದರೆ ಸಂಜೆ ಮಳೆಯಲ್ಲಿ ಬಸ್ಸಿಗೆ ಕಾಯುವವರು ನಾವೇ ಅಲ್ಲವೇ?

ನಮ್ಮ ಊರಿನ ಉದಾಹರಣೆಯನ್ನೇ ನೋಡೋಣ. 1980ರ ದಶಕದ ಆರಂಭದಲ್ಲಿಯೇ ಬೆಂಗಳೂರಿಗೆ ರೈಲು ಬೇಕೆಂದು ವರದಿಗಳು ಸಿದ್ಧವಾದವು. ರಾಜಾಜಿನಗರದಿಂದ ಜಯನಗರಕ್ಕೆ ಒಂದು ಮಾರ್ಗ ಆಗಲೇ ಕಾಗದದ ಮೇಲಿತ್ತು. 1994ರಲ್ಲಿ ಎತ್ತರದ ಮೇಲೆ ಓಡುವ ಹಗುರ ರೈಲಿಗೆಂದು ಒಂದು ಸಂಸ್ಥೆಯೇ ಹುಟ್ಟಿತು, ರೈಲು ಹುಟ್ಟಲಿಲ್ಲ. 2006ರಲ್ಲಿ ಮೆಟ್ರೊಗೆ ಶಂಕುಸ್ಥಾಪನೆಯಾಯಿತು. ಜಯನಗರದ ಜನ ಅದನ್ನು ಹತ್ತಿದ್ದು 2017ರ ಜೂನ್‌ನಲ್ಲಿ. ಆ ವರದಿಗಳ ಕಾಲಕ್ಕೆ ಶಾಲೆಗೆ ಸೇರಿದ ಹುಡುಗಿ ಅಷ್ಟರಲ್ಲಿ ನಲವತ್ತು ದಾಟಿದ್ದಳು.

ಈ ನಡುವೆ ಏನೂ ಕಟ್ಟಲಿಲ್ಲವೆಂದಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಆಸ್ಪತ್ರೆಯ ಬಳಿ ಮೇಲ್ಸೇತುವೆಯೊಂದು ಈ ಶತಮಾನದ ಮೊದಲ ದಶಕದಲ್ಲಿ ಎದ್ದು ನಿಂತಿತು. 2020ರಲ್ಲಿ ಮೆಟ್ರೊ ಹಳದಿ ಮಾರ್ಗಕ್ಕಾಗಿ ಅದನ್ನು ಕೆಡವಲಾಯಿತು. ಅದೇ ದಾರಿಯಲ್ಲಿ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ, ಕೆಳಗಿನ ಅಂತಸ್ತಿನಲ್ಲಿ ವಾಹನ, ಮೇಲಿನದರಲ್ಲಿ ರೈಲು ಓಡುವ ಹೊಸ ಸೇತುವೆ ಬಂತು. 2024ರ ಜುಲೈನಲ್ಲಿ ಅದರ ಒಂದು ಬದಿ ವಾಹನಗಳಿಗೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ರೈಲೂ ಹೊರಟಿತು. ಮೊದಲಿನ ಸೇತುವೆ ತನ್ನ ಲೆಕ್ಕದಲ್ಲಿ ಪಾಸಾಗಿಯೇ ಇದ್ದಿರಬೇಕು. ಆದರೆ ಒಂಟಿಯಾಗಿ ಪರೀಕ್ಷೆ ಬರೆದವರೆಲ್ಲ ಪಾಸಾಗುತ್ತಾರೆ. ಪಕ್ಕದಲ್ಲಿ ಬರಲಿರುವ ರೈಲನ್ನೂ ಕೂರಿಸಿ ಒಟ್ಟಿಗೆ ತೂಗಿದ್ದರೆ, ಹದಿನೈದು ವರ್ಷಗಳಿಗೊಮ್ಮೆ ಕಟ್ಟಿ ಕೆಡಹುವ ಪ್ರಮೇಯ ಬರುತ್ತಿತ್ತೇ?

ತೂಗುವ ವಿದ್ಯೆ ಹೊಸದೇನಲ್ಲ. 1844ರಲ್ಲಿ ಜೂಲ್ ದ್ಯೂಪ್ಯುಯಿ ಎಂಬ ಫ್ರೆಂಚ್ ಎಂಜಿನಿಯರ್, ಸೇತುವೆಯಿಂದ ಜನಕ್ಕಾಗುವ ಉಪಯೋಗ ಅಲ್ಲಿ ವಸೂಲಾಗುವ ಸುಂಕಕ್ಕಿಂತ ದೊಡ್ಡದೆಂದು ತೋರಿಸಿಕೊಟ್ಟ. 1936ರಲ್ಲಿ ಅಮೆರಿಕದ ಪ್ರವಾಹ ನಿಯಂತ್ರಣ ಕಾನೂನು, ಲಾಭ ಯಾರಿಗೇ ಆಗಲಿ, ಅದು ಖರ್ಚಿಗಿಂತ ಹೆಚ್ಚಿರಬೇಕು ಎಂದಿತು. ಲಂಡನ್ನಿನ ವಿಕ್ಟೋರಿಯಾ ಸುರಂಗ ರೈಲು ಟಿಕೆಟ್ಟಿನ ಹಣದಿಂದ ಅಸಲು ಹುಟ್ಟಿಸುವಂತಿರಲಿಲ್ಲ. 1963ರಲ್ಲಿ ಫಾಸ್ಟರ್ ಮತ್ತು ಬೀಸ್ಲಿ ಎಂಬ ಅರ್ಥಶಾಸ್ತ್ರಜ್ಞರು ಪ್ರಯಾಣಿಕರಿಗೆ ಉಳಿಯುವ ಸಮಯಕ್ಕೂ ಬೆಲೆ ಕಟ್ಟಿ, ಆ ಮಾರ್ಗ ಊರಿಗೆ ಲಾಭದಾಯಕವೆಂದು ಲೆಕ್ಕ ಹಾಕಿದರು. ನಮ್ಮ ದೇಶದ ಮೆಟ್ರೊ ನೀತಿ ಇದೇ ದಾರಿಗೆ ಬಂದದ್ದು 2017ರಲ್ಲಿ. ಯೋಜನೆಯ ಗಲ್ಲಾಪೆಟ್ಟಿಗೆಗೆ ಶೇಕಡಾ 8 ಆದಾಯ ಬರಬೇಕೆಂಬ ಹಿಂದಿನ ಅಳತೆಯ ಬದಲು, ಸಮಾಜಕ್ಕೆ ಒಟ್ಟಾಗಿ ಶೇಕಡಾ 14 ಪ್ರತಿಫಲ ಬರಬೇಕೆಂಬ ಅಳತೆ ಬಂತು. ಬಸ್ಸಿನಂಥ ಬೇರೆ ದಾರಿಗಳನ್ನೂ ಹೋಲಿಸಿ ನೋಡಬೇಕೆಂದು ನೀತಿ ಹೇಳಿತು. ಒಳ್ಳೆಯ ಹೆಜ್ಜೆಯೇ.

ಆದರೆ ಸಮಯಕ್ಕೆ ಬೆಲೆ ಕಟ್ಟಿದ ಕೂಡಲೇ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ: ಯಾರ ಸಮಯ? ಕಚೇರಿಯ ಕೆಲಸದ ಪ್ರಯಾಣಕ್ಕೆ ಸಂಬಳದ ಲೆಕ್ಕದಲ್ಲಿ ಬೆಲೆ. ಉಳಿದ ಪ್ರಯಾಣಕ್ಕೆ ಅದರಲ್ಲಿ ಒಂದು ಪಾಲು ಮಾತ್ರ. ಇದು ಬಹಳ ಕಾಲದ ರೂಢಿ. ಮಗುವನ್ನು ಶಾಲೆಗೆ ಬಿಟ್ಟು, ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ತರಕಾರಿ ಕೊಂಡು, ಬ್ಯಾಂಕಿಗೆ ಹೋಗಿ, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೆಂಗಸಿನ ಬೆಳಗು ಈ ಲೆಕ್ಕದಲ್ಲಿ ನಾಲ್ಕು ತುಂಡಾಗುತ್ತದೆ. ಒಂದು ‘ಖರೀದಿ’, ಒಂದು ‘ಶಿಕ್ಷಣ’, ಮಿಕ್ಕದ್ದು ‘ಇತರೆ’. ಮನೆಯನ್ನು ನಡೆಸುವ ದುಡಿಮೆ ‘ಇತರೆ’ ಎಂಬ ಖಾನೆಯಲ್ಲಿ ಕರಗಿಹೋಗುತ್ತದೆ. ಸ್ಪೇನಿನ ಇನೆಸ್ ಸಾಂಚೆಸ್ ದೆ ಮಾದರಿಯಾಗ ಎಂಬ ವಿದುಷಿ, ಹೀಗೆ ಚದುರಿದ ತುಂಡುಗಳನ್ನು ಕೂಡಿಸಿ ‘ಆರೈಕೆಯ ಓಡಾಟ’ ಎಂಬ ಒಂದೇ ಹೆಸರಿನಲ್ಲಿ ಎಣಿಸಬೇಕೆಂದರು. ಹೆಸರಿಲ್ಲದ್ದನ್ನು ಎಣಿಸುವುದಾದರೂ ಹೇಗೆ?

ಎಣಿಕೆಯ ಮತ್ತೊಂದು ಸ್ವಾರಸ್ಯ ಕೇಳಿ. ನಗರದ ರಸ್ತೆಗಳ ಸಾಮರ್ಥ್ಯ ಅಳೆಯಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಒಂದು ಕೋಷ್ಟಕ ಪ್ರಕಟಿಸಿತು. ಅದರಲ್ಲಿ ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸಲಾಗುತ್ತದೆ. ಬಸ್ಸು ಎರಡು ಮೂರು ಕಾರಿಗೆ ಸಮ. ಅದು ಆಕ್ರಮಿಸುವ ಜಾಗದ ಲೆಕ್ಕ ಇದು, ಒಳಗೆ ಐವತ್ತು ಜನರಿದ್ದರೂ ಖಾಲಿಯಿದ್ದರೂ ಅಷ್ಟೇ. ಸೈಕಲ್ಲಿಗೆ ಅಂಕವಿದೆ. ಟಾಂಗಾಕ್ಕಿದೆ. ತಳ್ಳುಗಾಡಿಗೂ ಇದೆ. ನಡೆದುಹೋಗುವವಳಿಗೆ ಇಲ್ಲ! ನಡೆಯುವವರಿಗೆ ಬೇರೆಯೇ ಪುಸ್ತಕವಿದೆ, ನಿಜ. ಆದರೆ ಯಾವ ರಸ್ತೆ ಅಗಲವಾಗಬೇಕೆಂದು ಈ ಪುಸ್ತಕ ಹಿಡಿದು ತೀರ್ಮಾನಿಸುವಾಗ ಆ ಪುಸ್ತಕ ಕಪಾಟಿನಲ್ಲೇ ಉಳಿದರೆ, ಕಾಲುದಾರಿ ಕಿರಿದಾಗುವುದರಲ್ಲಿ ಆಶ್ಚರ್ಯವೇನು? ವಾಹನಗಳ ಓಡಾಟಕ್ಕಿಂತ ಜನರ ಓಡಾಟ ಮುಖ್ಯವೆಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಸಾರಿದೆ. ನೀತಿಯ ಮಾತು ಕೋಷ್ಟಕಕ್ಕೆ ಇಳಿಯಬೇಕು, ಅಷ್ಟೇ.

ಈಗ ಎಣಿಸುವುದಕ್ಕೆ ಒಂದು ಒಳ್ಳೆಯ ಅವಕಾಶ ಕೈಗೆ ಬಂದಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ಹೆಂಗಸರ ಪ್ರತಿ ಉಚಿತ ಪ್ರಯಾಣಕ್ಕೂ ಶೂನ್ಯ ಮೊತ್ತದ ಟಿಕೆಟ್ ಕೊಡಲೇಬೇಕು. ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಲೆಕ್ಕದ ಮೇಲೆ. ಯಾವ ಮಾರ್ಗದಲ್ಲಿ, ಯಾವ ಹೊತ್ತಿನಲ್ಲಿ ನಾವು ಹೆಚ್ಚು ಓಡಾಡುತ್ತೇವೆ ಎಂಬ ಇತಿಹಾಸ ಈ ಚೀಟಿಗಳಲ್ಲಿ ಕೂತಿದೆ. ಖರ್ಚಿನ ಲೆಕ್ಕಕ್ಕೆ ಬಳಸುವ ಈ ಚೀಟಿಗಳನ್ನು ಮುಂದಿನ ಬಸ್ಸು, ಮುಂದಿನ ಕಾಲುದಾರಿ ಎಲ್ಲಿ ಬೇಕೆಂದು ತಿಳಿಯಲೂ ಬಳಸಬಹುದು.

ಎಲ್ಲವನ್ನೂ ಅಂಕಕ್ಕೆ ಇಳಿಸುವುದೂ ಅಪಾಯವೇ. ಲಂಡನ್ನಿನ ಮೂರನೆಯ ವಿಮಾನ ನಿಲ್ದಾಣಕ್ಕೆ ಜಾಗ ಹುಡುಕಲು 1968ರಲ್ಲಿ ನೇಮಕವಾದ ರಾಸ್ಕಿಲ್ ಆಯೋಗದ ಲೆಕ್ಕದಲ್ಲಿ, ಸ್ಟ್ಯೂಕ್ಲಿ ಎಂಬ ಹಳ್ಳಿಯ ಪ್ರಾಚೀನ ಚರ್ಚಿಗೆ ಅದರ ಬೆಂಕಿವಿಮೆಯ ಮೊತ್ತವನ್ನೇ ಬೆಲೆಯಾಗಿ ಹಿಡಿದರು. ಜನ ನಕ್ಕರು, ರೇಗಿದರು. 2009ರಲ್ಲಿ ಜಯನಗರದ ನಂದಾ ಚಿತ್ರಮಂದಿರದ ರಸ್ತೆಯಲ್ಲಿ ಮೆಟ್ರೊಗಾಗಿ ಮರ ಕಡಿಯುವಾಗ ಬೀದಿಗಿಳಿದವರ ಸಂಕಟವೂ ಇದೇ ಜಾತಿಯದು. ಅವರಲ್ಲಿ ಅನೇಕರಿಗೆ ರೈಲು ಬೇಡವಾಗಿರಲಿಲ್ಲ. ನೆರಳಿಗೆ ಲೆಕ್ಕದಲ್ಲಿ ಒಂದು ಸಾಲೂ ಇಲ್ಲವಲ್ಲ ಎಂಬ ನೋವಿತ್ತು. 2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಲಾಲ್‌ಬಾಗಿನ ನೆಲದ ಮಾತು ಬಂದಾಗಲೂ ಅದೇ ಸಂಕಟ ಮರುಕಳಿಸಿತು.

ಹಾಗಾದರೆ ಅಂಕ ಬೇಡವೇ? ಬೇಕು. ಅಂಕವಿಲ್ಲದೆ ಹೋದರೆ ಗಟ್ಟಿ ದನಿಯವರ ಯೋಜನೆಯೇ ಮೊದಲು ಬರುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಎಂದಾಗ ಜನ ಕೈ ಕೈ ಹಿಡಿದು ನಿಂತರು. ಇದಕ್ಕಿಂತ ಒಳ್ಳೆಯ ದಾರಿಗಳನ್ನು ತೂಗಿ ನೋಡಿದ್ದೀರಾ ಎಂಬುದು ಅವರ ಪ್ರಶ್ನೆಗಳಲ್ಲೊಂದು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಬೇರೆ ಬೇರೆ ಇಲಾಖೆಗಳ ಸಾರಿಗೆ ಯೋಜನೆಗಳನ್ನು ಒಂದೇ ಚಾವಡಿಯಲ್ಲಿ ನೋಡಲೆಂದು ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾನೂನು 2022ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆಯಿತು.

ಆ ಚಾವಡಿಯಲ್ಲಿ ಕೂತವರನ್ನು ನಾವು ಕೇಳಬೇಕಾದದ್ದು ನಾಲ್ಕೇ ಮಾತು. ವಾಹನ ಬಿಟ್ಟು ತಲೆ ಎಣಿಸಿ. ಒಂದೊಂದನ್ನೇ ತೂಗದೆ ಎಲ್ಲವನ್ನೂ ಒಂದೇ ತಕ್ಕಡಿಗೆ ತನ್ನಿ. ಯಾವುದಕ್ಕೆ ಎಷ್ಟು ಅಂಕ ಕೊಟ್ಟಿರೆಂದು ಕನ್ನಡದಲ್ಲಿ ಮೊದಲೇ ಪ್ರಕಟಿಸಿ. ಕಟ್ಟಿ ಐದು ವರ್ಷವಾದ ಮೇಲೆ, ಹೇಳಿದ ಲಾಭ ಬಂತೇ ಎಂದು ತಿರುಗಿ ನೋಡಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಬನಶಂಕರಿಯ ಬಸ್ಸಿಳಿದು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗುವಿನ ಕೈ ಹಿಡಿದು ರಸ್ತೆ ದಾಟಲು ನಿಂತವಳಿಗೂ ಆ ಕೋಷ್ಟಕದಲ್ಲಿ ಒಂದು ಸಾಲು ಕೊಟ್ಟರೆ, ಪಟ್ಟಿಯ ಕ್ರಮ ತಾನಾಗಿಯೇ ಬದಲಾದೀತು.